ಸಿಂಗರನ ಹೆಂಡತಿಯ ಹೆಸರು

ಬೋಧನಾಭ್ಯಾಸದ ಎರಡನೆಯ ವಾರ. ಹುಣಸೂರು ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಏಳನೆಯ ತರಗತಿ, ಬಿಸಿಯೂಟ ಮುಗಿದ ಮೇಲಿನ ಮೊದಲ ಅವಧಿ. ನನ್ನ ಪಾಲಿಗೆ ಬಂದದ್ದು ಕಾರ್ಯಾನುಭವದ ಪಾಠ: ಹೊಲಿಗೆಯ ಮೂಲ ಉಪಕರಣಗಳು ಮತ್ತು ಅವುಗಳ ಉಪಯೋಗ. ಬೋಧನೋಪಕರಣಕ್ಕೆ ಕೊರತೆ ಇರಲಿಲ್ಲ. ಕೆ.ಆರ್. ನಗರದ ನಮ್ಮ ಮನೆಯಿಂದ ಅಮ್ಮನ ಹೊಲಿಗೆ ಡಬ್ಬವನ್ನೇ ಎತ್ತಿಕೊಂಡು ಬಂದಿದ್ದೆ. ಮೂರು ಅಳತೆಯ ಕೈಸೂಜಿಗಳು, ಗುಂಡುಪಿನ್ನು, ಅಂಗುಸ್ತಾನ, ಟೇಪು, ಗುರುತು ಹಾಕುವ ಚಪ್ಪಟೆ ಸೀಮೆಸುಣ್ಣ, ದೊಡ್ಡ ಕತ್ತರಿ, ಹೊಲಿಗೆ ಬಿಚ್ಚಲು ಒಂದು ಹಳೆಯ ಬ್ಲೇಡು, ಮೇಲೆ ಗೋಣಿಚೀಲ ಹೊಲಿಯುವ ದಬ್ಬಳ. ಡಬ್ಬದ ಮುಚ್ಚಳ ತೆಗೆದಾಗ ಮಕ್ಕಳೆಲ್ಲ ಬೆಂಚಿನಿಂದ ಎದ್ದು ಬಗ್ಗಿ ನೋಡಿದರು. ಪಾಠ ಅರ್ಧ ಗೆದ್ದಂತೆಯೇ ಎಂದುಕೊಂಡೆ.

ಪೀಠಿಕೆಗೆ ಒಂದು ಜೀವನಕಥೆ ಇರಲಿ ಎಂದು ಐಸಾಕ್ ಸಿಂಗರನನ್ನು ಆರಿಸಿಕೊಂಡಿದ್ದೆ. ನಮ್ಮ ಕಡೆ ಹೊಲಿಗೆ ಯಂತ್ರ ಎಂದರೆ ಸಿಂಗರ್ ಮಿಷನ್ನು. ಅಜ್ಜಿಯ ಕಾಲದ ಕಪ್ಪು ಮಿಷನ್ನಿನ ಮೇಲೆ ಮಾಸಿದ ಬಂಗಾರದ ಬಣ್ಣದಲ್ಲಿ ಆ ಹೆಸರು ಇನ್ನೂ ಎಷ್ಟೋ ಮನೆಗಳಲ್ಲಿದೆ. ನನಗೆ ತಿಳಿದಿದ್ದ ಕಥೆ ಚಿಕ್ಕದು. ಸಿಂಗರನ ಹೆಂಡತಿ ಹಗಲಿರುಳು ಕೈಯಲ್ಲೇ ಹೊಲಿಯುತ್ತ ಕಣ್ಣು ಹಾಳುಮಾಡಿಕೊಳ್ಳುತ್ತಿದ್ದಳು, ಗಂಡನಿಗೆ ನೋಡಲಾಗಲಿಲ್ಲ, ಅವಳ ಮೇಲಿನ ಪ್ರೀತಿಯಿಂದ ಯಂತ್ರ ಕಂಡುಹಿಡಿದ. ಅಷ್ಟೇ. ಅದನ್ನು ಸ್ವಲ್ಪ ಅಭಿನಯದೊಂದಿಗೆ ಹೇಳಿದೆ. ಎರಡನೆಯ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತು, ಆ ಹೆಂಡತಿಯ ಹೆಸರೇನು ಮಿಸ್ ಎಂದು ಕೇಳಿದಳು. ಅವಳ ತಾಯಿ ಮನೆಯಲ್ಲೇ ರವಿಕೆ ಹೊಲಿದು ಸಂಸಾರ ನಡೆಸುವವರು ಎಂಬುದು ನನಗೆ ಆಮೇಲೆ ತಿಳಿಯಿತು.

ನನಗೆ ಹೆಸರು ಗೊತ್ತಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಮಾರ್ಗದರ್ಶಕ ಉಪನ್ಯಾಸಕರು ವೀಕ್ಷಣಾ ಪುಸ್ತಕ ಬಿಚ್ಚಿಕೊಂಡು ಕೂತಿದ್ದರು. ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. ಮೇರಿ ಎಂದುಬಿಟ್ಟೆ. ಹುಡುಗಿ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಅಂದಿನ ವೀಕ್ಷಣಾ ಪುಸ್ತಕದಲ್ಲಿ ಧ್ವನಿ, ಕಪ್ಪುಹಲಗೆಯ ಬಳಕೆ, ಬೋಧನೋಪಕರಣ ಎಲ್ಲಕ್ಕೂ ಒಳ್ಳೆಯ ಮಾತೇ ಇತ್ತು. ಕೊನೆಯ ಸಾಲಿನಲ್ಲಿ ಮಾತ್ರ, ಮೇರಿ ಯಾವ ಪುಸ್ತಕದಲ್ಲಿ ಸಿಕ್ಕಳು ಎಂಬ ಪ್ರಶ್ನೆ. ಕೆಳಗೆ ಸಹಿ. ನಾನು ಓದಲು ಕೂತದ್ದು ಆ ಸಾಲಿನ ದೆಸೆಯಿಂದ. ಓದಿದಷ್ಟೂ ನನ್ನ ಪೀಠಿಕೆಯ ಕಥೆ ಕಚ್ಚಾ ಹೊಲಿಗೆಯ ಹಾಗೆ ಬಿಚ್ಚಿಕೊಳ್ಳುತ್ತ ಹೋಯಿತು.

ಐಸಾಕ್ ಮೆರಿಟ್ ಸಿಂಗರ್ ಹುಟ್ಟಿದ್ದು 1811ರ ಅಕ್ಟೋಬರ್ 27ರಂದು, ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಪಿಟ್ಸ್‌ಟೌನ್ ಎಂಬ ಊರಿನಲ್ಲಿ. ತಂದೆ ಜರ್ಮನಿಯಿಂದ ವಲಸೆ ಬಂದವನು, ಗಿರಣಿಗಳ ಮರಗೆಲಸ ಅವನ ಕಸುಬು. ಹುಡುಗನಿಗೆ ಹತ್ತು ವರ್ಷವಾಗುವಷ್ಟರಲ್ಲಿ ತಂದೆತಾಯಿ ಬೇರೆಯಾದರು. ಹನ್ನೆರಡರ ಸುಮಾರಿಗೆ ಮನೆಬಿಟ್ಟು ರಾಚೆಸ್ಟರಿನಲ್ಲಿದ್ದ ಅಣ್ಣನ ಬಳಿಗೆ ಹೋದ. ಶಾಲೆ ಹತ್ತಿದ್ದು ಕಡಿಮೆ, ಯಂತ್ರದಂಗಡಿಯಲ್ಲಿ ಕೈಕೆಲಸ ಕಲಿತದ್ದೇ ಹೆಚ್ಚು. ಆದರೆ ಅವನ ಮನಸ್ಸು ಇದ್ದದ್ದು ಯಂತ್ರದಲ್ಲಲ್ಲ, ನಾಟಕದಲ್ಲಿ. ನಮ್ಮ ಕಡೆ ಕಂಪನಿ ನಾಟಕದ ಹಿಂದೆ ಹೋಗಿ ಮನೆ ಮರೆತವರ ಕಥೆಗಳು ಎಷ್ಟಿಲ್ಲ! ಅಂಥವನೇ ಈತ. ಎತ್ತರದ ಆಳು, ದೊಡ್ಡ ದನಿ. ಕೈಯಲ್ಲಿ ಕಾಸಿದ್ದಾಗ ತನ್ನದೇ ತಂಡ ಕಟ್ಟಿಕೊಂಡು ಊರೂರು ತಿರುಗುವುದು, ಕಾಸು ಮುಗಿದಾಗ ಯಾವುದಾದರೂ ಕಾರ್ಖಾನೆ ಸೇರುವುದು, ಹೀಗೆ ಅವನ ಯೌವನ ಕಳೆಯಿತು.

1839ರಲ್ಲಿ ಬಂಡೆ ಕೊರೆಯುವ ಯಂತ್ರವೊಂದಕ್ಕೆ ಪೇಟೆಂಟ್ ಪಡೆದು ಅದನ್ನು 2,000 ಡಾಲರಿಗೆ ಮಾರಿದ. ಆ ಕಾಲಕ್ಕೆ ದೊಡ್ಡ ಮೊತ್ತ. ಅಷ್ಟನ್ನೂ ನಾಟಕ ತಂಡಕ್ಕೆ ಸುರಿದ. 1849ರಲ್ಲಿ ಮರದ ಅಚ್ಚಕ್ಷರ ಕೆತ್ತುವ ಇನ್ನೊಂದು ಯಂತ್ರ. ನ್ಯೂಯಾರ್ಕಿನಲ್ಲಿ ಅದನ್ನಿಟ್ಟಿದ್ದ ಕಟ್ಟಡದ ಬಾಯ್ಲರು ಸಿಡಿದು ಯಂತ್ರವೇ ಹಾಳಾಯಿತು. ಜೀಬರ್ ಎಂಬಾತ ಹಣ ಹಾಕಿದ, ಮತ್ತೊಂದು ಮಾದರಿ ಸಿದ್ಧವಾಯಿತು, ಇಬ್ಬರೂ ಅದನ್ನು ಬಾಸ್ಟನ್ನಿಗೆ ಒಯ್ದರು. ಕೊಳ್ಳುವವರು ಯಾರೂ ಬರಲಿಲ್ಲ. ಸಿಂಗರನಿಗೆ ಆಗಲೇ ಮೂವತ್ತೆಂಟು ದಾಟಿತ್ತು.

ಅವರು ಜಾಗ ಬಾಡಿಗೆಗೆ ಹಿಡಿದಿದ್ದದ್ದು ಫೆಲ್ಪ್ಸ್ ಎಂಬವನ ಕಾರ್ಯಾಗಾರದಲ್ಲಿ. ಅಲ್ಲಿ ಹೊಲಿಗೆ ಯಂತ್ರಗಳ ರಿಪೇರಿ ನಡೆಯುತ್ತಿತ್ತು. ಅಂದರೆ, ಸಿಂಗರ್ ನೋಡುವ ಮೊದಲೇ ಹೊಲಿಗೆ ಯಂತ್ರ ಇತ್ತು! ನನ್ನ ಕಥೆಗೆ ಬಿದ್ದ ಮೊದಲ ಪೆಟ್ಟು ಇದು. ಇದ್ದ ಯಂತ್ರದಲ್ಲಿ ದಾರದ ಉಂಡೆಯನ್ನು ಹೊತ್ತ ಶಟಲ್ ವೃತ್ತಾಕಾರವಾಗಿ ಸುತ್ತುತ್ತಿತ್ತು. ಸುತ್ತಿದಾಗಲೆಲ್ಲ ದಾರ ಮುರಿಕೊಂಡು ತುಂಡಾಗುತ್ತಿತ್ತು. ಶಟಲ್ ನೇರವಾಗಿ ಹಿಂದೆಮುಂದೆ ಓಡಲಿ, ಸೂಜಿ ನೆಟ್ಟಗಿದ್ದು ಮೇಲಿಂದ ಕೆಳಕ್ಕೆ ಇಳಿಯಲಿ ಎಂದು ಸಿಂಗರ್ ಸೂಚಿಸಿದ. ಜೀಬರ್ 40 ಡಾಲರು ಕೊಟ್ಟ. ಹನ್ನೊಂದು ದಿನ ಹಗಲಿರುಳು ಕೆಲಸ. ಅವನೇ ಮುಂದೆ ಹೇಳಿಕೊಂಡಂತೆ, ಹನ್ನೊಂದನೆಯ ರಾತ್ರಿ ಭಾಗಗಳನ್ನೆಲ್ಲ ಜೋಡಿಸಿ ತಿರುಗಿಸಿದರೆ ಯಂತ್ರ ಹೊಲಿಯಲಿಲ್ಲ. ಕೆಲಸಗಾರರು ಒಬ್ಬೊಬ್ಬರಾಗಿ ಎದ್ದು ಹೋದರು. ಜೀಬರ್ ದೀಪ ಹಿಡಿದು ನಿಂತೇ ಇದ್ದ. ಕೊನೆಗೆ ಇಬ್ಬರೂ ಸೋತು ಹೋಟೆಲಿನ ಕಡೆ ಹೊರಟು, ದಾರಿಯಲ್ಲಿ ಹಲಗೆಗಳ ರಾಶಿಯ ಮೇಲೆ ಕೂತಾಗ ಜೀಬರ್ ಒಂದು ಮಾತು ಕೇಳಿದ: ಬಟ್ಟೆಯ ಮೇಲ್ಮೈಯಲ್ಲಿ ದಾರದ ಕುಣಿಕೆಗಳು ಸಡಿಲವಾಗಿ ಎದ್ದು ನಿಂತಿದ್ದವಲ್ಲ, ಅದನ್ನು ಗಮನಿಸಿದೆಯಾ ಎಂದು. ಸಿಂಗರನಿಗೆ ಆಗ ಹೊಳೆಯಿತು. ದಾರವನ್ನು ಬಿಗಿಹಿಡಿಯುವ ಸ್ಪ್ರಿಂಗನ್ನೇ ಅವನು ಮರೆತಿದ್ದ. ಹಿಂದಿರುಗಿ ಅದನ್ನು ಸರಿಪಡಿಸಿ ಐದು ಹೊಲಿಗೆ ಹಾಕುವಷ್ಟರಲ್ಲಿ ದಾರ ತುಂಡಾಯಿತು. ಆ ಐದು ಸಾಕಾಗಿತ್ತು.

ಪ್ರಶಿಕ್ಷಣಾರ್ಥಿಗಳು ಈ ಘಟ್ಟದಲ್ಲಿ ನಿಲ್ಲಬೇಕು ಎಂದು ನಾನು ಹೇಳುತ್ತೇನೆ. ಸಿಂಗರ್ ಅಸಾಧಾರಣ ಬುದ್ಧಿಯವನು ಎಂಬುದಕ್ಕಲ್ಲ. ಹೊಲಿಗೆ ಎಂದರೇನು ಎಂಬುದು ಮಕ್ಕಳಿಗೆ ಅರ್ಥವಾಗುವುದು ಇಲ್ಲಿ. ಕೈಹೊಲಿಗೆಯಲ್ಲಿ ದಾರ ಒಂದೇ. ಸೂಜಿಯ ಕಣ್ಣು ಹಿಂಬದಿಯಲ್ಲಿರುತ್ತದೆ, ಇಡೀ ಸೂಜಿ ಬಟ್ಟೆಯನ್ನು ದಾಟಿ ಆಚೆ ಹೋಗುತ್ತದೆ, ಹಿಂದಿನಿಂದ ದಬ್ಬಲು ಬೆರಳಿಗೆ ಅಂಗುಸ್ತಾನ ಬೇಕು. ಮಿಷನ್ನಿನ ಸೂಜಿಗೆ ಕಣ್ಣಿರುವುದು ಮೊನೆಯ ಹತ್ತಿರ. ಅದು ಬಟ್ಟೆಯನ್ನು ಪೂರ್ತಿ ದಾಟುವುದಿಲ್ಲ, ಮೊನೆಯಷ್ಟೇ ಇಳಿದು ಒಂದು ಕುಣಿಕೆ ಬಿಟ್ಟು ಮೇಲೇರುತ್ತದೆ. ಆ ಕುಣಿಕೆಯೊಳಗೆ ಕೆಳಗಿನ ಶಟಲಿನ ದಾರ ಹಾದು ಹೋಗುತ್ತದೆ. ಎರಡೂ ದಾರ ಸಮನಾಗಿ ಬಿಗಿದರೆ ಗಂಟು ಬಟ್ಟೆಯ ನಡುವೆ ಅಡಗುತ್ತದೆ, ಮೇಲೂ ಕೆಳಗೂ ಒಂದೇ ರೀತಿ ಕಾಣುತ್ತದೆ.

ಇದಕ್ಕೆ ಹೋಲಿಸಲು ನಾನು ಕೆ.ಆರ್. ನಗರದ ಶಾಲೆಗಳಲ್ಲಿ ಅಕ್ಕಿಮೂಟೆಯ ಬಾಯಿ ತರಿಸುತ್ತೇನೆ. ಭತ್ತದ ಸೀಮೆ, ಗಿರಣಿಯ ಚೀಲ ಯಾರ ಮನೆಯಲ್ಲಿಲ್ಲ? ಚೀಲದ ಬಾಯಿಯ ಯಂತ್ರದ ಹೊಲಿಗೆಯನ್ನು ಸರಿಯಾದ ತುದಿಯಿಂದ ಹಿಡಿದು ಎಳೆದರೆ ಸರ್ರನೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ತಪ್ಪು ತುದಿಯಿಂದ ಎಳೆದರೆ ಜಗ್ಗುವುದಿಲ್ಲ. ಅದು ಸರಪಳಿ ಹೊಲಿಗೆ, ಕುಣಿಕೆಯೊಳಗೆ ಕುಣಿಕೆ. ಫ್ರಾನ್ಸಿನ ಬಡ ದರ್ಜಿ ತಿಮೋನಿಯೆ 1830ರಲ್ಲಿ ಪೇಟೆಂಟ್ ಪಡೆದ ಯಂತ್ರ ಹಾಕುತ್ತಿದ್ದದ್ದೂ ಸರಪಳಿ ಹೊಲಿಗೆಯನ್ನೇ. ಸೈನಿಕರ ಉಡುಪು ಹೊಲಿಯಲು ಅವನು ಇಟ್ಟಿದ್ದ ಎಂಬತ್ತರಷ್ಟು ಯಂತ್ರಗಳನ್ನು ಪ್ಯಾರಿಸಿನ ದರ್ಜಿಗಳು, ತಮ್ಮ ಅನ್ನ ಹೋಗುತ್ತದೆಂದು, ಒಡೆದು ಹಾಕಿದರು. ಅವನು ಬಡವನಾಗಿಯೇ ಸತ್ತ. ಚೀಲದ ಬಾಯಿ ಎಳೆದು ನೋಡಿದ ಮಕ್ಕಳಿಗೆ ಸರಪಳಿ ಹೊಲಿಗೆ, ಬೀಗದ ಹೊಲಿಗೆ ಎಂಬ ಎರಡು ಮಾತನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ. ಅದೇ ಚೀಲವನ್ನು ಮನೆಯಲ್ಲಿ ಮತ್ತೆ ಹೊಲಿಯಬೇಕಾದರೆ ದಬ್ಬಳ, ಸೆಣಬಿನ ಹುರಿ. ಕೈಸೂಜಿಯ ಅಣ್ಣ ಅದು, ಮೊನೆ ಸ್ವಲ್ಪ ಬಾಗಿರುತ್ತದೆ, ತುಂಬಿದ ಚೀಲದ ಒಳಕ್ಕೆ ಹೋಗಿ ಅದೇ ಬದಿಗೆ ಹೊರಬರಲು.

ಮೊನೆಯಲ್ಲಿ ಕಣ್ಣಿರುವ ಸೂಜಿ ಸಿಂಗರನದಲ್ಲ. ಅದನ್ನು ಮೊದಲು ಮಾಡಿದವರಲ್ಲಿ ನ್ಯೂಯಾರ್ಕಿನ ವಾಲ್ಟರ್ ಹಂಟ್ ಒಬ್ಬ. 1830ರ ದಶಕದಲ್ಲೇ ಅವನು ಬೀಗದ ಹೊಲಿಗೆಯ ಯಂತ್ರ ಮಾಡಿದ್ದ. ಕೈಹೊಲಿಗೆಯ ಹೆಂಗಸರ ಹೊಟ್ಟೆಯ ಮೇಲೆ ಹೊಡೆದಂತಾಗುತ್ತದೆ ಎಂಬ ಮಾತು ಮನೆಯಲ್ಲೇ ಬಂತೆಂದು ಪೇಟೆಂಟ್ ಮಾಡಿಸಲಿಲ್ಲ. ಇದೇ ಹಂಟ್ 1849ರಲ್ಲಿ ತಂತಿಯೊಂದನ್ನು ಬಗ್ಗಿಸಿ ಸೇಫ್ಟಿ ಪಿನ್ನು ಮಾಡಿದ, 400 ಡಾಲರಿಗೆ ಅದರ ಹಕ್ಕು ಮಾರಿಬಿಟ್ಟ. ತಾಯಂದಿರ ಬಳೆಯಲ್ಲಿ ಗೊಂಚಲಾಗಿ ತೂಗುವ ಪಿನ್ನುಗಳಿಗೆ ಹೀಗೊಬ್ಬ ತಂದೆ ಇದ್ದ ಎಂದರೆ ಮಕ್ಕಳು ನಗುತ್ತಾರೆ.

ಪೇಟೆಂಟ್ ಪಡೆದವನು ಎಲಿಯಾಸ್ ಹೋವ್. 1819ರಲ್ಲಿ ಮಸಾಚುಸೆಟ್ಸಿನ ಸ್ಪೆನ್ಸರ್ ಎಂಬಲ್ಲಿ ಹುಟ್ಟಿದವನು, ಒಂದು ಕಾಲು ಕುಂಟು, ಆರೋಗ್ಯ ಅಷ್ಟಕ್ಕಷ್ಟೇ. ಅವನು ಕೆಲಸಕ್ಕೆ ಹೋಗಲಾಗದೆ ಮಲಗಿದ್ದಾಗ ಹೆಂಡತಿ ಎಲಿಜಬೆತ್ ಊರವರ ಬಟ್ಟೆ ಹೊಲಿದು ಮೂರು ಮಕ್ಕಳನ್ನು ಸಾಕುತ್ತಿದ್ದಳು. ಅವಳ ಕೈ ಆಡುವುದನ್ನು ನೋಡುತ್ತಲೇ ಅವನು ಯಂತ್ರದ ಯೋಚನೆ ಮಾಡಿದ. 1845ರಲ್ಲಿ ಐವರು ಹೊಲಿಗೆ ಹೆಂಗಸರ ಎದುರು ಒಬ್ಬನೇ ಯಂತ್ರದಲ್ಲಿ ಹೊಲಿದು ಗೆದ್ದ. ಒಂದು ಯಂತ್ರವೂ ಮಾರಾಟವಾಗಲಿಲ್ಲ. 1846ರ ಸೆಪ್ಟೆಂಬರ್ 10ರಂದು ಪೇಟೆಂಟ್ ಸಿಕ್ಕಿತು. ಇಂಗ್ಲೆಂಡಿನಲ್ಲಿ ಒಬ್ಬ ವ್ಯಾಪಾರಿಗೆ 250 ಪೌಂಡಿಗೆ ಅಲ್ಲಿಯ ಹಕ್ಕು ಕೊಟ್ಟು, ಅವನ ಬಳಿಯೇ ಕೂಲಿಗೆ ದುಡಿದು, ಕೊನೆಗೆ ಜಗಳವಾಗಿ ಮಾದರಿಯನ್ನೂ ಪೇಟೆಂಟ್ ಪತ್ರವನ್ನೂ ಅಡವಿಟ್ಟು ಊರಿಗೆ ಮರಳಿದ. ಬರುವ ಹೊತ್ತಿಗೆ ಎಲಿಜಬೆತ್ ಕ್ಷಯದಿಂದ ಸಾಯುವ ಸ್ಥಿತಿಯಲ್ಲಿದ್ದಳು. ಅವಳ ಅಂತ್ಯಕ್ರಿಯೆಗೆ ಬೇರೆಯವರ ಬಟ್ಟೆ ಎರವಲು ಪಡೆದು ನಿಂತನಂತೆ.

ನಾನು ತರಗತಿಯಲ್ಲಿ ಹೇಳಿದ ಕಥೆಯಲ್ಲಿ ಹೆಂಡತಿಯೂ ಇದ್ದಳು, ಅವಳ ದಣಿದ ಕಣ್ಣೂ ಇತ್ತು. ಗಂಡ ಮಾತ್ರ ಬೇರೆಯವನಾಗಿದ್ದ. ಇದು ನನ್ನೊಬ್ಬಳ ತಪ್ಪಲ್ಲ ಎಂದು ಆಮೇಲೆ ಸ್ವಲ್ಪ ಸಮಾಧಾನವಾಯಿತು. 1924ರಲ್ಲಿ ಯಂಗ್ ಇಂಡಿಯಾದಲ್ಲಿ ಬಂದ ಒಂದು ಸಂಭಾಷಣೆಯಲ್ಲಿ ಗಾಂಧೀಜಿಯವರೇ, ಯಂತ್ರಗಳಿಗೆ ತಾವು ಮಾಡುವ ವಿನಾಯಿತಿಯಾಗಿ ಹೊಲಿಗೆ ಯಂತ್ರವನ್ನು ಹೆಸರಿಸಿ, ಸಿಂಗರ್ ಅದನ್ನು ಹೆಂಡತಿಯ ಮೇಲಿನ ಪ್ರೀತಿಯಿಂದ ಮಾಡಿದ ಎಂದಿದ್ದಾರೆ. ನಾನು ಓದಿದ್ದ ಪುಸ್ತಕಕ್ಕೆ ಮೂಲ ಬಹುಶಃ ಅದೇ. ಗಾಂಧೀಜಿ ಹೇಳಿದ್ದು ತಪ್ಪಿರಬಹುದೇ ಎಂದು ನಮ್ಮ ಪ್ರಶಿಕ್ಷಣಾರ್ಥಿಗಳು ಹಿಂಜರಿಯುತ್ತಾರೆ. ಅವರ ವಾದಕ್ಕೆ ಬೇಕಾಗಿದ್ದದ್ದು ಮನುಷ್ಯನ ದಣಿವು ಇಳಿಸುವ ಯಂತ್ರ ಎಂಬ ಉದಾಹರಣೆ, ಆ ವಾದ ಹೋವ್‌ನಿಂದಲೂ ನಿಲ್ಲುತ್ತದೆ. ಆದರೆ ಇಂಥವನು ಇಂಥ ಕಾರಣಕ್ಕೆ ಮಾಡಿದ ಎಂದು ಮಕ್ಕಳೆದುರು ಹೇಳುವಾಗ ಅದು ಯಾರ ಬಾಯಿಂದ ಬಂದರೂ ತಾಳೆ ನೋಡಲೇಬೇಕು.

ಹಾಗಾದರೆ ಸಿಂಗರನ ಹೆಂಡತಿ? 1830ರಲ್ಲಿ ಮದುವೆಯಾದವಳು ಕ್ಯಾಥರೀನ್. ಅವಳನ್ನು ಬಿಟ್ಟು ಊರೂರು ತಿರುಗುವಾಗ ಸಿಕ್ಕವಳು ಮೇರಿ ಆನ್ ಸ್ಪಾನ್ಸ್‌ಲರ್. ನಾಟಕದಲ್ಲಿ ಜೊತೆಗೆ ಅಭಿನಯಿಸಿ, ಬಡತನದಲ್ಲಿ ಜೊತೆಗೆ ಉಪವಾಸವಿದ್ದು, ಮುಂದೆ ಮಿಷನ್ನು ತುಳಿದು ತೋರಿಸುವ ಕೆಲಸವನ್ನೂ ಮಾಡಿದವಳು. ಮದುವೆಯಾಗುತ್ತೇನೆಂದು ಕಾಲು ಶತಮಾನ ನಂಬಿಸಿದ, ಆಗಲಿಲ್ಲ. ಅದೇ ನ್ಯೂಯಾರ್ಕಿನಲ್ಲಿ ಮೇರಿ ಮೆಕ್‌ಗೊನಿಗಲ್ ಎಂಬವಳ ಸಂಸಾರ ಇನ್ನೊಂದು, ಮೇರಿ ವಾಲ್ಟರ್ಸ್ ಎಂಬವಳ ಸಂಸಾರ ಮತ್ತೊಂದು. 1860ರಲ್ಲಿ ಒಂದು ದಿನ ಸಾರೋಟಿನಲ್ಲಿ ಹೋಗುತ್ತಿದ್ದ ಮೇರಿ ಆನ್, ಎದುರು ಸಾರೋಟಿನಲ್ಲಿ ಅವನ ಪಕ್ಕ ಇನ್ನೊಬ್ಬಳನ್ನು ಕಂಡು ನಡುಬೀದಿಯಲ್ಲೇ ಕೂಗಾಡಿದಳು. ಸಿಂಗರ್ ಮನೆಗೆ ಬಂದು ಅವಳನ್ನು ಹೊಡೆದ, ಬಂಧನವೂ ಆಯಿತು, ಜಾಮೀನಿನ ಮೇಲೆ ಬಿಡುಗಡೆಯಾಗಿ ಯೂರೋಪಿಗೆ ಓಡಿದ. ಒಟ್ಟು ಮಕ್ಕಳು ಇಪ್ಪತ್ತಕ್ಕೂ ಹೆಚ್ಚು.

ಬಾಯಿಗೆ ಬಂದದ್ದು ಎಂದು ನಾನು ಹೇಳಿದ ಹೆಸರಿನ ಹೆಂಗಸರು ಒಬ್ಬರಲ್ಲ, ಮೂವರು! ಇದನ್ನು ಓದಿದಾಗ ನಗು ಬಂತು. ಆ ಹುಡುಗಿಯ ನೋಟ್‌ಬುಕ್ಕು ನೆನಪಾಗಿ ನಗು ನಿಂತಿತು.

ಯಂತ್ರಕ್ಕೆ ಬರುತ್ತೇನೆ. 1851ರ ಆಗಸ್ಟ್ 12ರಂದು ಸಿಂಗರನಿಗೆ ಪೇಟೆಂಟ್ ಸಿಕ್ಕಿತು. ಹೋವ್‌ನ ಯಂತ್ರದಲ್ಲಿ ಸೂಜಿ ಬಾಗಿದ್ದು ಅಡ್ಡಡ್ಡ ಓಡುತ್ತಿತ್ತು, ಬಟ್ಟೆಯನ್ನು ಲೋಹದ ಪಟ್ಟಿಯ ಮೊಳೆಗಳಿಗೆ ನೇತುಹಾಕಬೇಕಿತ್ತು, ಪಟ್ಟಿ ಮುಗಿದಾಗ ನಿಲ್ಲಿಸಿ ಮತ್ತೆ ನೇತುಹಾಕಬೇಕಿತ್ತು. ಸಿಂಗರನ ಯಂತ್ರದಲ್ಲಿ ಬಟ್ಟೆ ಮೇಜಿನ ಮೇಲೆ ಮಲಗಿತು. ಸೂಜಿ ನೆಟ್ಟಗೆ ಇಳಿಯಿತು. ಬಟ್ಟೆ ಸೂಜಿಯ ಜೊತೆ ಮೇಲೇಳದಂತೆ ಒತ್ತಿಹಿಡಿಯಲು ಒಂದು ಪಾದ ಬಂತು, ನಮ್ಮ ದರ್ಜಿಗಳು ಫುಟ್ಟು ಎನ್ನುವುದು ಅದನ್ನೇ. ಹಲ್ಲಿನ ಚಕ್ರ ಬಟ್ಟೆಯನ್ನು ತಾನೇ ಮುಂದೆ ತಳ್ಳಿತು. ಕಾಲಿನಿಂದ ತುಳಿಯುವ ಏರ್ಪಾಡಿನಿಂದ ಎರಡೂ ಕೈ ಬಟ್ಟೆಗೆ ಬಿಡುವಾದವು. ಪಳಗಿದ ಕೈ ನಿಮಿಷಕ್ಕೆ 40ರ ಆಸುಪಾಸು ಹೊಲಿಗೆ ಹಾಕಿದರೆ ಇದು 900 ಹಾಕುತ್ತಿತ್ತು. ಗಂಡಸಿನ ಒಂದು ಅಂಗಿಗೆ ಕೈಯಲ್ಲಿ 14 ಗಂಟೆ 26 ನಿಮಿಷ, ಯಂತ್ರದಲ್ಲಿ 1 ಗಂಟೆ 16 ನಿಮಿಷ ಎಂದು ಆ ಕಾಲದ ಇನ್ನೊಂದು ಯಂತ್ರದ ಕಂಪನಿ ಲೆಕ್ಕ ಹಾಕಿ ತೋರಿಸಿತ್ತು. ಗಣಿತದವರು ಬೇಕಾದರೆ ಇದನ್ನು ಅನುಪಾತದ ಪಾಠಕ್ಕೆ ಎತ್ತಿಕೊಳ್ಳಬಹುದು.

ಜಾತ್ರೆಗಳಲ್ಲಿ, ವಸ್ತುಪ್ರದರ್ಶನಗಳಲ್ಲಿ ಸಿಂಗರ್ ತನ್ನ ನಾಟಕದ ದನಿಯಲ್ಲಿ ಹೊಲಿಗೆ ಹೆಂಗಸರ ಕಷ್ಟದ ಹಾಡು ಹಾಡಿ ಜನ ಸೇರಿಸುತ್ತಿದ್ದ. ಕಷ್ಟಕಾಲದಲ್ಲಿ ದೀಪ ಹಿಡಿದ ಜೀಬರ್ ಕಾಯಿಲೆ ಬಿದ್ದಾಗ, ನೀನಿನ್ನು ಬದುಕುವುದಿಲ್ಲ ಎಂದು ಹೆದರಿಸಿ ಅವನ ಪಾಲನ್ನು 6,000 ಡಾಲರಿಗೆ ಬರೆಸಿಕೊಂಡದ್ದೂ ಇದೇ ದನಿಯವನು. ಜೀಬರ್ ಬದುಕಿದ. ಪಾಲು ಹೋಗಿತ್ತು.

ಹೋವ್ ಮೊಕದ್ದಮೆ ಹೂಡಿದ. 1854ರಲ್ಲಿ ಗೆದ್ದ. ಸಿಂಗರ್ 15,000 ಡಾಲರು ತೆತ್ತ. ಎಲ್ಲರೂ ಎಲ್ಲರ ಮೇಲೂ ಕೋರ್ಟಿಗೆ ಹೋಗಿ ಯಾರೂ ಮಿಷನ್ನು ಮಾಡಲಾಗದ ಸ್ಥಿತಿ ಬಂದಾಗ, 1856ರಲ್ಲಿ ದೊಡ್ಡ ತಯಾರಕರೂ ಹೋವ್‌ನೂ ಸೇರಿ ಪೇಟೆಂಟುಗಳನ್ನು ಒಂದೇ ಗಂಟು ಕಟ್ಟಿದರು. ಮಾರಾಟವಾದ ಪ್ರತಿ ಮಿಷನ್ನಿಗೂ ಹೋವ್‌ಗೆ ಪಾಲು. ಬಟ್ಟೆ ಎರವಲು ತಂದವನು ಕೆಲವೇ ವರ್ಷಗಳಲ್ಲಿ ದೊಡ್ಡ ಶ್ರೀಮಂತನಾದ. ಅಂತರ್ಯುದ್ಧ ಬಂದಾಗ ಸಾಮಾನ್ಯ ಸಿಪಾಯಿಯಾಗಿ ಸೇರಿ, ಸಂಬಳ ತಡವಾದಾಗ ತನ್ನ ಪಡೆಗೆ ಕೈಯಿಂದ ಹಣ ಕೊಟ್ಟ. 1867ರಲ್ಲಿ 48ನೆಯ ವಯಸ್ಸಿನಲ್ಲಿ ತೀರಿಕೊಂಡ.

ಮಿಷನ್ನು ಮನೆಮನೆಗೆ ಹೋದದ್ದು ಸಿಂಗರನ ಪಾಲುದಾರ, ವಕೀಲ ಎಡ್ವರ್ಡ್ ಕ್ಲಾರ್ಕನ ಉಪಾಯದಿಂದ. ಬೆಲೆ ನೂರು ಡಾಲರಿನ ಮೇಲೆ. ಸಾಮಾನ್ಯ ಕುಟುಂಬಕ್ಕೆ ಆಗದ ಮಾತು. 1856ರ ಸುಮಾರಿಗೆ ಕ್ಲಾರ್ಕ್ ಕಂತಿನ ಪದ್ಧತಿ ತಂದ: ಮೊದಲು 5 ಡಾಲರು, ಉಳಿದದ್ದು ತಿಂಗಳು ತಿಂಗಳು. ಹೆಗ್ಗಡದೇವನಕೋಟೆಯ ಕಡೆ ಸಂಘದ ವಾರದ ಕಂತಿನಲ್ಲಿ ಮಿಷನ್ನು ಕೊಂಡ ತಾಯಂದಿರ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಂತು ತಪ್ಪಿದರೆ ಏನಾಗುತ್ತದೆ ಎಂದು ಅವರೇ ನನಗೆ ಹೇಳಿದರು.

ಸಿಂಗರ್ 1863ರಲ್ಲಿ ಇಸಬೆಲ್ಲಾ ಎಂಬವಳನ್ನು ಮದುವೆಯಾಗಿ ಪ್ಯಾರಿಸಿನಲ್ಲಿದ್ದು, ಆಮೇಲೆ ಇಂಗ್ಲೆಂಡಿನ ಪೇಯ್ನ್‌ಟನ್ನಿನಲ್ಲಿ ಅರಮನೆಯಂಥ ಮನೆ ಕಟ್ಟಿಸತೊಡಗಿದ. ಅದು ಮುಗಿಯುವ ಮೊದಲೇ 1875ರ ಜುಲೈ 23ರಂದು ಸತ್ತ. ಬಿಟ್ಟು ಹೋದದ್ದು ಒಂದು ಕೋಟಿ ಡಾಲರಿಗೂ ಮೀರಿದ ಆಸ್ತಿ. ಉಯಿಲಿನ ಮೇಲೆ ಕೋರ್ಟಿನಲ್ಲಿ ಜಗಳ. ಕ್ಯಾಥರೀನಳಿಗೂ ಮೇರಿ ಆನ್‌ಗೂ ಆ ಉಯಿಲಿನಲ್ಲಿ ಏನೂ ಇರಲಿಲ್ಲ.

ಇಷ್ಟು ಓದಿಕೊಂಡು ಮುಂದಿನ ವಾರ ಅದೇ ತರಗತಿಗೆ ಹೋದೆ. ಏಳನೆಯ ತರಗತಿಗೆ ಇದರಲ್ಲಿ ಎಷ್ಟು ಹೇಳುವುದು? ಸಹಪಾಠಿಗಳಲ್ಲಿ ಕೆಲವರು, ಸಿಂಗರನನ್ನೇ ಬಿಟ್ಟುಬಿಡು, ಹೋವ್‌ನ ಕಥೆ ಹೇಳು, ಅದರಲ್ಲಿ ಮೌಲ್ಯವಿದೆ ಎಂದರು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಮಿಷನ್ನಿನ ಮೇಲಿರುವುದು ಸಿಂಗರನ ಹೆಸರು, ಮಕ್ಕಳು ದಿನಾ ನೋಡುವುದು ಆ ಹೆಸರನ್ನು. ಮೊದಲು ಹೋದ ವಾರ ನಾನು ಹೇಳಿದ್ದು ಸುಳ್ಳು, ನನಗೆ ಹೆಸರು ಗೊತ್ತಿರಲಿಲ್ಲ ಎಂದೆ. ಹೇಳುವಾಗ ಕೈ ಸ್ವಲ್ಪ ನಡುಗಿತು. ಆಮೇಲೆ, ಅವನು ಒಳ್ಳೆಯ ಯಂತ್ರ ಮಾಡಿದ, ಮನೆಯವರನ್ನು ಚೆನ್ನಾಗಿ ನೋಡಿಕೊಳ್ಳಲಿಲ್ಲ, ಒಬ್ಬಳನ್ನು ಮದುವೆಯಾಗಿ ಬಿಟ್ಟ, ಇನ್ನೊಬ್ಬಳನ್ನು ನಂಬಿಸಿ ಬಿಟ್ಟ ಎಂದು ಹೇಳಿದೆ. ಹೊಡೆದದ್ದನ್ನು ಹೇಳಬೇಕೋ ಬೇಡವೋ ಎಂದು ಯೋಚಿಸಿ ಬಿಟ್ಟೆ. ಬಿಟ್ಟದ್ದು ಸರಿಯೇ ಎಂಬ ಬಗ್ಗೆ ಇಂದಿಗೂ ನನ್ನಲ್ಲಿ ಎರಡು ಮನಸ್ಸಿದೆ.

ಮಕ್ಕಳು ನಾನು ಅಂದುಕೊಂಡಷ್ಟು ಆಶ್ಚರ್ಯಪಡಲಿಲ್ಲ. ಹುಡುಗನೊಬ್ಬ, ಹಾಗಾದರೆ ದುಡ್ಡು ಹಾಕಿದವನಿಗೆ ಮೋಸವಾಯಿತಲ್ಲ ಎಂದು ಜೀಬರನ ಪಕ್ಷ ಹಿಡಿದ. ಇನ್ನೊಬ್ಬ ನನ್ನ ಉಪಕರಣಗಳ ಪಟ್ಟಿಯಲ್ಲೇ ಕೊರತೆ ಹುಡುಕಿದ: ಚರ್ಮ ಹೊಲಿಯುವವರು ಮರದ ಹಿಡಿಯ ಮೊನೆಯಿಂದ ಮೊದಲು ತೂತು ಮಾಡಿ, ಆಮೇಲೆ ಮೇಣ ಹಚ್ಚಿದ ದಾರ ಹಾಕುತ್ತಾರೆ, ಅದನ್ನೇಕೆ ತಂದಿಲ್ಲ ಎಂದ. ಹುಣಸೂರಿನಲ್ಲಿ ನಿಂತು ನಾನು ಅದನ್ನು ಮರೆಯಬಾರದಿತ್ತು. ಮದ್ರಾಸು ಸೈನ್ಯಕ್ಕೆ ಸರಬರಾಜು ಮಾಡುವ ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿ ಕಾರ್ಖಾನೆ, ಮರದ ಉಗ್ರಾಣ ಇದ್ದ ಊರು ಇದು. 1864ರಲ್ಲಿ ಅವು ಮುಚ್ಚಿದ ಮೇಲೂ ಬೂಟು, ಚರ್ಮದ ಚೀಲ, ಕಂಬಳಿ ಮಾಡುವ ಕೈಗಳು ಊರಿನಲ್ಲೇ ಉಳಿದವು. ಅಂದಿನಿಂದ ನನ್ನ ಡಬ್ಬದಲ್ಲಿ ಆ ಮೊನೆಯೂ ಇದೆ. ಪಿರಿಯಾಪಟ್ಟಣದ ಶಾಲೆಯೊಂದರಲ್ಲಿ ಹೊಗೆಸೊಪ್ಪಿನ ಕಡ್ಡಿಗೆ ಎಲೆ ಕಟ್ಟುವ ದಾರವನ್ನೂ ಸೇರಿಸಬೇಕೆಂದು ಮಕ್ಕಳು ಹಠ ಮಾಡಿದರು. ಅದು ಹೊಲಿಗೆಯಲ್ಲ, ಕಟ್ಟು ಎಂದು ಎಷ್ಟು ಹೇಳಿದರೂ ಕೇಳಲಿಲ್ಲ.

ಹೆಸರು ಕೇಳಿದ ಹುಡುಗಿ ಏನೂ ಮಾತನಾಡಲಿಲ್ಲ. ನೋಟ್‌ಬುಕ್ಕಿನ ಹಳೆಯ ಪುಟ ತೆಗೆದು ಮೇರಿಯ ಮೇಲೆ ಗೆರೆ ಎಳೆದು ಎಲಿಜಬೆತ್, ಕ್ಯಾಥರೀನ್, ಮೇರಿ ಆನ್ ಎಂದು ಮೂರು ಹೆಸರು ಬರೆದಳು. ಸಂಜೆ ಶಾಲೆ ಬಿಟ್ಟ ಮೇಲೆ, ನಮ್ಮಮ್ಮ ಕರೀತಾರೆ ಬನ್ನಿ ಮಿಸ್ ಎಂದು ಮನೆಗೆ ಕರೆದುಕೊಂಡು ಹೋದಳು. ತಾಯಿ ಬಾಗಿಲ ಬಳಿ ಬೆಳಕಿಗೆ ಮಿಷನ್ನು ಹಾಕಿಕೊಂಡು ಕೂತಿದ್ದರು. ಅದು ಸಿಂಗರಲ್ಲ, ಉಷಾ. ಕಲ್ಕತ್ತದಲ್ಲಿ 1930ರ ದಶಕದಿಂದ ತಯಾರಾದ ನಮ್ಮ ದೇಶದ್ದೇ ಮಿಷನ್ನು. ಮಗಳ ಬಾಯಿಂದ ಅವರು ಕಥೆಯನ್ನೆಲ್ಲ ಕೇಳಿಬಿಟ್ಟಿದ್ದರು. ನಾನು ಅಕ್ಕಾ ಎಂದೆ, ಅವರು ಮೇಡಂ ಎನ್ನುವುದನ್ನು ಬಿಡಲಿಲ್ಲ.

ಹನ್ನೊಂದನೆಯ ರಾತ್ರಿಯ ಕುಣಿಕೆಗಳ ವಿಷಯ ಅವರಿಗೆ ಬಹಳ ಹಿಡಿಸಿತ್ತು. ತುಂಡು ಬಟ್ಟೆ ಹಾಕಿ, ಮೇಲಿನ ದಾರದ ತಿರುಪು ಸಡಿಲಿಸಿ ನಾಲ್ಕು ಸಲ ತುಳಿದರು. ಬಟ್ಟೆ ತಿರುಗಿಸಿದರೆ ಕೆಳಗೆಲ್ಲ ದಾರದ ಗೂಡು. ತಿರುಪು ಬಿಗಿದು, ಈಗ ಬಾಬಿನ್ನಿನ ಡಬ್ಬಿಯ ಚಿಕ್ಕ ಸ್ಕ್ರೂ ಸಡಿಲಿಸಿದರು. ಕುಣಿಕೆ ಮೇಲೆ ಬಂತು. ಕುಣಿಕೆ ಕೆಳಗೆ ಬಂದರೆ ಮೇಲಿನ ದಾರ ನೋಡಬೇಕು, ಮೇಲೆ ಬಂದರೆ ಕೆಳಗಿನದು. ಅವನಿಗೆ ಅಂದು ಬಾಬಿನ್ನಿನ ಕಡೆ ಬಿಗಿ ಇರಲಿಲ್ಲವೇನೋ ಎಂದರು. ನಾನು ಓದಿದ ಯಾವ ಪುಸ್ತಕದಲ್ಲೂ ಅದನ್ನು ಹಾಗೆ ಬಿಡಿಸಿ ಹೇಳಿರಲಿಲ್ಲ. ಆಮೇಲೆ ಕೈಸೂಜಿಗೆ ನಂಬರು ಹೆಚ್ಚಿದಷ್ಟೂ ಸೂಜಿ ಸಣ್ಣ, ಮಿಷನ್ ಸೂಜಿಗೆ ನಂಬರು ಹೆಚ್ಚಿದಷ್ಟೂ ದಪ್ಪ ಎಂಬುದನ್ನು ಎರಡೂ ಪೊಟ್ಟಣ ಬಿಚ್ಚಿ ತೋರಿಸಿದರು. ನನ್ನ ಪಾಠಯೋಜನೆಯಲ್ಲಿ ಎರಡಕ್ಕೂ ಒಂದೇ ನಿಯಮ ಬರೆದಿದ್ದೆ. ಬಟ್ಟೆಯ ಕತ್ತರಿಯಲ್ಲಿ ಕಾಗದ ಕತ್ತರಿಸಿದ್ದೀರಾ ಎಂದು ನನ್ನ ಡಬ್ಬದ ಕತ್ತರಿ ಹಿಡಿದು ಕೇಳಿದರು. ಚಾರ್ಟಿಗಾಗಿ ಕತ್ತರಿಸಿದ್ದೆ. ಹೌದೆಂದೆ. ಒಳಗಿನಿಂದ ಸಾಣೆಕಲ್ಲು ತಂದರು.

ಅವರು ಸಾಣೆ ಹಿಡಿಯುವಾಗ, ಆ ಮೇರಿ ಆನ್ ಅನ್ನೋರು ಕೊನೆಗೆ ಏನಾದರು ಎಂದು ಕೇಳಿದರು. ಗೊತ್ತಿಲ್ಲ ಅಕ್ಕಾ, ಓದಿ ಹೇಳುತ್ತೇನೆ ಎಂದೆ. ಹುಡುಗಿ ಬಾಬಿನ್ನಿಗೆ ದಾರ ಸುತ್ತುತ್ತಿದ್ದವಳು ತಲೆ ಎತ್ತಿ ನನ್ನನ್ನು ನೋಡಿ, ಮತ್ತೆ ಸುತ್ತತೊಡಗಿದಳು.